ಬ್ಯಾಕಪ್ಪಿನಲ್ಲಿ ಬಂದ ಹೆಸರು

ಇಂಥ ಮಾತುಗಳನ್ನು ಬೇರೆಯವರು ಹೇಳುವಾಗ ನಡುವೆಯೇ ಎದ್ದು ಹೋಗುತ್ತಿದ್ದವಳು ನಾನು. ಮೊದಲು ಅದನ್ನು ಒಪ್ಪಿಕೊಂಡುಬಿಡುತ್ತೇನೆ. ನಿಪ್ಪಾಣಿಯ ನಮ್ಮ ಗಲ್ಲಿಯಲ್ಲಿ ಬೀಡಿ ಕಟ್ಟುತ್ತ ಕೂತ ಹೆಂಗಸರ ನಡುವೆ ದಿನಕ್ಕೊಂದು ಸುದ್ದಿ ಹುಟ್ಟುತ್ತಿತ್ತು. ಯಾರದೋ ಕನಸಿನಲ್ಲಿ ಸತ್ತ ಅತ್ತೆ ಬಂದು ಕಳೆದುಹೋದ ಕೀಲಿ ಎಲ್ಲಿದೆಯೆಂದು ತೋರಿಸಿದ್ದು, ಯಾರಿಗೋ ಮಂಗಸೂಳಿಯ ದೇವರಿಗೆ ಹರಕೆ ಹೊತ್ತ ಮರುದಿನವೇ ಜ್ವರ ಬಿಟ್ಟದ್ದು. ನನ್ನ ಅವ್ವ ಕೈ ನಿಲ್ಲಿಸದೆ ಎಲ್ಲವನ್ನೂ ಕೇಳುತ್ತಿದ್ದಳು, ಹೂಂ ಅನ್ನುತ್ತಿರಲಿಲ್ಲ. ಬುದ್ಧನ ಪಟವೊಂದನ್ನು ಬಿಟ್ಟರೆ ಗೋಡೆಯ ಮೇಲೆ ಇನ್ನೇನೂ ಇಲ್ಲದ ಮನೆ ನಮ್ಮದು. ಕಂಪ್ಯೂಟರ್ ಕಲಿತ ಮೇಲಂತೂ ನನ್ನ ಅಪನಂಬಿಕೆ ಇನ್ನೂ ಗಟ್ಟಿಯಾಯಿತು. ನಾವು ಏನು ಹಾಕಿದ್ದೇವೋ ಅದಷ್ಟೇ ಆ ಯಂತ್ರದಿಂದ ಹೊರಗೆ ಬರುತ್ತದೆ. ಹಾಕದೇ ಇದ್ದದ್ದು ಬರುವುದಿಲ್ಲ.

ಈಗ ನಾನು ಹೇಳಹೊರಟಿರುವುದು, ಹಾಕದೇ ಇದ್ದದ್ದು ಬಂದ ಸಂಗತಿ. ಇದು ನಡೆದದ್ದು ರಾತ್ರಿಯಲ್ಲಿ ಅಲ್ಲ, ಬೇಸಿಗೆಯ ಒಂದು ಮಧ್ಯಾಹ್ನ, ನಾಲ್ಕು ಜನರ ಎದುರಿನಲ್ಲಿ. ಆ ವಾರವಿಡೀ ನಾನು ಬಹಳ ದಣಿದಿದ್ದೆ ಎಂಬುದನ್ನು ಮುಚ್ಚಿಡುವುದಿಲ್ಲ. ದಣಿದವಳ ಕಣ್ಣಿಗೆ ಏನೇನೋ ಕಂಡಿರಬಹುದು ಎಂದು ಓದುವವರಿಗೆ ಅನಿಸಿದರೆ ನನ್ನ ತಕರಾರಿಲ್ಲ. ನನಗೂ ಎಷ್ಟೋ ದಿನ ಹಾಗೇ ಅನಿಸಿತ್ತು.

2007ರ ಆಸುಪಾಸಿನ ಮಾತು. ಮೊಬೈಲು ನಮ್ಮ ಕಡೆ ಆಗತಾನೇ ಎಲ್ಲರ ಜೇಬಿಗೂ ಇಳಿಯುತ್ತಿತ್ತು. ನಾನು ಆಗ ನಿಪ್ಪಾಣಿಯ ಒಂದು ಸಣ್ಣ ರಕ್ತ ಭಂಡಾರದಲ್ಲಿ ಕಂಪ್ಯೂಟರ್ ಕೆಲಸಕ್ಕಿದ್ದೆ. ಮೂರು ಕೋಣೆಯ ಜಾಗ. ಒಂದರಲ್ಲಿ ರಕ್ತ ತೆಗೆಯುವ ಎರಡು ಮಂಚ, ಇನ್ನೊಂದರಲ್ಲಿ ಲ್ಯಾಬು ಮತ್ತು ಫ್ರಿಜ್ಜು, ಮುಂದಿನ ಕೋಣೆಯಲ್ಲಿ ನಾನು, ನನ್ನ ಕಂಪ್ಯೂಟರು, ಒಂದು ಫೋನು, ರೋಗಿಗಳ ಕಡೆಯವರು ಕೂರುವ ಬೆಂಚು. ಲ್ಯಾಬ್ ನೋಡಿಕೊಳ್ಳುತ್ತಿದ್ದವರು ಕಾಂಬಳೆ ಮಾಮಾ. ಇಪ್ಪತ್ತು ವರ್ಷ ರಕ್ತ ಪರೀಕ್ಷೆ ಮಾಡಿ ಮಾಡಿ ಬೆನ್ನು ಬಾಗಿದ್ದ, ಯಾವುದಕ್ಕೂ ಗಾಬರಿಯಾಗದ ಮನುಷ್ಯ.

ನನ್ನ ಮುಖ್ಯ ಕೆಲಸ ರಕ್ತದಾನಿಗಳ ಪಟ್ಟಿಯನ್ನು ಕಾಯುವುದು. ಹೆಸರು, ಊರು, ರಕ್ತದ ಗುಂಪು, ಫೋನ್ ನಂಬರು, ಕೊನೆಯ ಸಲ ರಕ್ತ ಕೊಟ್ಟ ದಿನ. ಒಮ್ಮೆಯಾದರೂ ರಕ್ತ ಕೊಟ್ಟವರ ಹೆಸರು ಮಾತ್ರ ಅದರಲ್ಲಿ ಸೇರುತ್ತಿತ್ತು. ಮೊದಲು ಅವರು ಕಾಗದದ ಫಾರ್ಮ್ ತುಂಬಬೇಕು, ಮಾಮಾ ಗುಂಪು ನೋಡಿ ಸಹಿ ಹಾಕಬೇಕು, ಆಮೇಲೆ ನಾನು ಕಂಪ್ಯೂಟರಿಗೆ ಹಾಕಬೇಕು. ಬೇರೆ ಯಾರೂ ಆ ಯಂತ್ರವನ್ನು ಮುಟ್ಟುತ್ತಿರಲಿಲ್ಲ. ಮುಟ್ಟಲು ಬರುತ್ತಲೂ ಇರಲಿಲ್ಲ.

ಆ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಆ ಬೇಸಿಗೆಯಲ್ಲಿ ಟಕ್ ಟಕ್ ಎಂದು ಸದ್ದು ಮಾಡಲು ಶುರು ಮಾಡಿತು. ಇನ್ನು ಹೆಚ್ಚು ದಿನ ಬಾಳುವುದಿಲ್ಲ ಎಂಬುದಕ್ಕೆ ಅದು ಗುರುತು. ಪಟ್ಟಿಯ ಜೊತೆಗೆ ಅದರಲ್ಲಿ ಐದು ವರ್ಷದ ಪರೀಕ್ಷೆಗಳ ವಿವರವೂ ಇತ್ತು. ಯಾರೋ ದಾನ ಕೊಟ್ಟ ಇನ್ನೊಂದು ಕಂಪ್ಯೂಟರು ಮೂಲೆಯಲ್ಲಿತ್ತು. ಎಲ್ಲವನ್ನೂ ದಿನವೂ ತಾನಾಗಿಯೇ ಅದಕ್ಕೆ ನಕಲು ಮಾಡುವ ಬ್ಯಾಕಪ್ ತಂತ್ರಾಂಶವೊಂದನ್ನು ಹಾಕಬೇಕೆಂದು ನಾನು ಹೊರಟೆ. ಕಂಪ್ಯೂಟರ್ ಮಾಸಿಕವೊಂದರ ಜೊತೆ ಬಂದ ಸಿ.ಡಿ.ಯಲ್ಲಿ ಅಂಥದೊಂದು ಇತ್ತು. ಓಪನ್ ಸೋರ್ಸ್, ಅಂದರೆ ಬರೆದವರು ತಮ್ಮ ಪ್ರೋಗ್ರಾಮಿನ ಮೂಲವನ್ನೇ ಎಲ್ಲರಿಗೂ ಬಿಟ್ಟುಕೊಟ್ಟಿರುತ್ತಾರೆ. ಆದರೆ ನಮ್ಮ ಹಳೆಯ ಯಂತ್ರಕ್ಕೆ ಹೊಂದುವ ಸಿದ್ಧ ರೂಪ ಅದರಲ್ಲಿರಲಿಲ್ಲ. ಮೂಲವನ್ನೇ ತೆಗೆದುಕೊಂಡು, ನಮ್ಮ ಯಂತ್ರದಲ್ಲೇ ಕಂಪೈಲ್ ಮಾಡಿ, ಅದು ಓಡುವ ರೂಪಕ್ಕೆ ತಂದುಕೊಳ್ಳಬೇಕಿತ್ತು.

ಮೂರು ಆಜ್ಞೆ ಕೊಟ್ಟರೆ ಮುಗಿಯಿತು ಎಂದು ಸೂಚನೆಯ ಕಡತದಲ್ಲಿ ಬರೆದಿತ್ತು. ಆ ಮೂರು ಆಜ್ಞೆಗಳು ನನ್ನ ಒಂಬತ್ತು ದಿನಗಳನ್ನು ತಿಂದವು. ಮೊದಲನೆಯದಕ್ಕೇ ಇಂಥ ಲೈಬ್ರರಿ, ಅಂದರೆ ಅದು ಆತುಕೊಳ್ಳುವ ಇನ್ನೊಂದು ಪ್ರೋಗ್ರಾಮು, ಇಲ್ಲ ಎಂದು ಯಂತ್ರ ನಿಂತುಬಿಡುತ್ತಿತ್ತು. ಅದನ್ನು ತಂದು ಕಂಪೈಲ್ ಮಾಡಹೋದರೆ ಅದಕ್ಕೆ ಇನ್ನೊಂದು ಬೇಕು, ಆ ಇನ್ನೊಂದಕ್ಕೆ ಹೊಸ ಆವೃತ್ತಿಯ ಮತ್ತೊಂದು ಬೇಕು. ಆಫೀಸಿನಲ್ಲಿ ಇಂಟರ್ನೆಟ್ ಹಚ್ಚುವಂತಿರಲಿಲ್ಲ. ಇದ್ದದ್ದು ಒಂದೇ ಫೋನ್ ಲೈನು, ರಕ್ತ ಕೇಳಿ ಕರೆ ಬಂದಾಗ ಅದು ಎಂಗೇಜ್ ಇರಬಾರದು. ಹೀಗಾಗಿ ಕೆಲಸ ಮುಗಿಸಿ ಬಸ್ ಸ್ಟ್ಯಾಂಡಿನ ಹತ್ತಿರದ ಸೈಬರ್ ಕೆಫೆಗೆ ಹೋಗಿ, ಬೇಕಾದ್ದನ್ನು ಇಳಿಸಿಕೊಂಡು, ಸಿ.ಡಿ.ಗೆ ಹಾಕಿಸಿಕೊಂಡು ಮನೆಗೆ ಬರುತ್ತಿದ್ದೆ. ಮರುದಿನ ನೋಡಿದರೆ ಆವೃತ್ತಿ ಹೊಂದುತ್ತಿರಲಿಲ್ಲ.

ಹೊಂದಿದರೆ ಕರೆಂಟು ಇರುತ್ತಿರಲಿಲ್ಲ. ಇನ್ವರ್ಟರ್ ಫ್ರಿಜ್ಜಿಗೆ ಮೀಸಲು. ಕಂಪೈಲ್ ಅರ್ಧ ಆಗಿರುವಾಗ ಕರೆಂಟು ಹೋಗಿ, ಅರ್ಧ ಬರೆದ ಕಡತಗಳು ಕೆಟ್ಟು, ಮತ್ತೆ ಮೊದಲಿನಿಂದ ಶುರು ಮಾಡಬೇಕಾಗುತ್ತಿತ್ತು. ಕಪ್ಪು ಪರದೆಯ ಮೇಲೆ ಬಿಳಿ ಸಾಲುಗಳು ಮೇಲೆ ಹತ್ತುತ್ತ ಹೋಗುವುದನ್ನು ನೋಡುತ್ತ ನೋಡುತ್ತ ಕಣ್ಣು ಉರಿಯುತ್ತಿದ್ದವು.

"ಏನ್ ತಂಗಿ, ಇನ್ನೂ ಆಗಲಿಲ್ಲೇನು? ಇಷ್ಟೊತ್ತಿಗೆ ಕೈಲೇ ಬರದಿದ್ರ ಮುಗದು ಹೋಗತಿತ್ತಲ್ಲ" ಎಂದು ಮಾಮಾ ಲ್ಯಾಬಿನ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು.

"ಕೈಲೇ ಬರದದ್ದು ಇಲಿ ತಿಂದ್ರ ಏನ್ ಮಾಡ್ತೀರಿ ಮಾಮಾ?"

"ಇದು ಕೆಟ್ಟ ಹೋದ್ರ ನೀ ಏನ್ ಮಾಡ್ತಿ?"

"ಅದಕ್ಕs ಅಲ್ಲೇನ್ರಿ ಇದನ್ನ ಹಾಕಾಕತ್ತೀನಿ."

ಅವರು ನಗುತ್ತ ಒಳಗೆ ಹೋಗುತ್ತಿದ್ದರು. ಆದರೆ ಅವರ ಮಾತು ಮನಸ್ಸಿನಲ್ಲಿ ಉಳಿಯುತ್ತಿತ್ತು. ಅದೇ ಹೆದರಿಕೆಯಿಂದ ಆ ಒಂಬತ್ತು ದಿನಗಳ ಮೊದಲನೆಯ ದಿನವೇ ಪಟ್ಟಿಯನ್ನು ಹಳೆಯ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನಲ್ಲಿ ಮುದ್ರಿಸಿ ಇಟ್ಟುಕೊಂಡಿದ್ದೆ. ಒಟ್ಟು ನಾನೂರ ಹನ್ನೆರಡು ಹೆಸರು. ಆಮೇಲೆ ಹೊಸ ಹೆಸರು ಯಾವುದನ್ನೂ ನಾನು ಸೇರಿಸಲಿಲ್ಲ. ಪಟ್ಟಿಯ ಕಡತವನ್ನು ಮುಟ್ಟಲು ಧೈರ್ಯವೇ ಇರಲಿಲ್ಲ.

ಒಂಬತ್ತನೆಯ ದಿನ ಬೆಳಿಗ್ಗೆ ಯಾಕೋ ಕರೆಂಟು ಹೋಗಲಿಲ್ಲ. ಹನ್ನೊಂದರ ಹೊತ್ತಿಗೆ ಕಂಪೈಲ್ ಮುಗಿಯಿತು. ಕೊನೆಯ ಆಜ್ಞೆ ಕೊಟ್ಟಾಗ ತಪ್ಪು ಇದೆ ಎಂಬ ಸಾಲು ಬರಲಿಲ್ಲ. ಸಂತೋಷ ಆಗಬೇಕಿತ್ತು. ಆಗಲಿಲ್ಲ, ಬರೀ ಸುಸ್ತಾಯಿತು. ಮೊದಲ ಬ್ಯಾಕಪ್ ಓಡಿಸಿದೆ. ಒಂದು ತಾಸಿನ ನಂತರ ಮೂಲವೂ ನಕಲೂ ಒಂದೇ ಎಂದು ತಂತ್ರಾಂಶ ವರದಿ ಕೊಟ್ಟಿತು. ಅದಾಗಿ ಹತ್ತು ನಿಮಿಷಕ್ಕೆ ಹಳೆಯ ಡಿಸ್ಕ್ ಒಂದು ಸಲ ಕಿರುಗುಟ್ಟಿ ಸುಮ್ಮನಾಯಿತು. ಮತ್ತೆ ಅದು ಏಳಲಿಲ್ಲ.

ನಕಲಿನಿಂದ ಪಟ್ಟಿಯನ್ನು ಹೊರತೆಗೆದು ಎರಡನೆಯ ಕಂಪ್ಯೂಟರಿನಲ್ಲಿ ತೆರೆದೆ. ನಾನೂರ ಹದಿಮೂರು ಸಾಲು. ಇನ್ನೊಮ್ಮೆ ಎಣಿಸಿದೆ. ನಾನೂರ ಹದಿಮೂರೇ. ಕಡತವನ್ನು ಕೊನೆಯ ಸಲ ತಿದ್ದಿದ ದಿನ ಯಾವುದೆಂದು ನೋಡಿದರೆ ಹನ್ನೆರಡು ದಿನದ ಹಿಂದಿನದು, ಅಂದರೆ ನಾನು ಮುದ್ರಿಸುವುದಕ್ಕೂ ಮೊದಲಿನದು. ಎಲ್ಲೋ ಖಾಲಿ ಸಾಲೊಂದು ಸೇರಿರಬೇಕು ಎಂದುಕೊಂಡು ಬಿಟ್ಟುಬಿಟ್ಟೆ. ನಿಜ ಹೇಳಬೇಕೆಂದರೆ ಹುಡುಕುವ ತ್ರಾಣ ನನ್ನಲ್ಲಿರಲಿಲ್ಲ. ಡಬ್ಬಿ ತೆಗೆದು ಊಟಕ್ಕೆ ಕೂತೆ.

ಅರ್ಧ ರೊಟ್ಟಿ ತಿಂದಿರಬೇಕು, ಊರಿನ ಒಂದು ಹೆರಿಗೆ ಆಸ್ಪತ್ರೆಯಿಂದ ಫೋನು ಬಂತು. ರಾಯಬಾಗ ಕಡೆಯ ಹಳ್ಳಿಯ ಹೆಣ್ಣುಮಗಳು, ಹೆರಿಗೆಯ ನಂತರ ರಕ್ತ ನಿಲ್ಲುತ್ತಿಲ್ಲ, ಓ ನೆಗೆಟಿವ್ ಎರಡು ಬಾಟಲಿ ಬೇಕು. ನಮ್ಮ ಫ್ರಿಜ್ಜಿನಲ್ಲಿ ಒಂದೇ ಇತ್ತು. ಅದನ್ನು ಒಯ್ಯಲು ಬಂದ ಆಸ್ಪತ್ರೆಯ ಆಳಿನ ಜೊತೆ ಆ ಬಾಣಂತಿಯ ತಾಯಿಯೂ ಬಂದಿದ್ದಳು. ಆಳು ಬಾಟಲಿ ತೆಗೆದುಕೊಂಡು ಹೋದ. ಅವಳು ಹೋಗಲಿಲ್ಲ. ಇನ್ನೊಂದು ಬಾಟಲಿ ಸಿಕ್ಕ ಮೇಲೆಯೇ ಏಳುತ್ತೇನೆ ಎನ್ನುವಂತೆ ಬೆಂಚಿನ ಮೇಲೆ ಸೆರಗು ಹೊದ್ದು ಕೂತಳು.

ಪಟ್ಟಿಯಲ್ಲಿ ಓ ನೆಗೆಟಿವ್ ಇರುವವರು ಆರೇ ಮಂದಿ ಎಂದು ನನಗೆ ಬಾಯಿಪಾಠವಿತ್ತು. ಮುದ್ರಿಸಿದ ಪಟ್ಟಿಯಿಂದ ನಂಬರು ನೋಡಿ ಒಬ್ಬೊಬ್ಬರಿಗೇ ಫೋನು ಹಚ್ಚಿದೆ. ಒಬ್ಬರು ಪುಣೆಯಲ್ಲಿದ್ದರು. ಒಬ್ಬರು ಹಿಂದಿನ ತಿಂಗಳಷ್ಟೇ ಕೊಟ್ಟಿದ್ದರು. ಅಥಣಿಯ ಮೇಷ್ಟ್ರಿಗೆ ಜ್ವರ. ಒಬ್ಬರ ಫೋನು ಬಂದ್. ಒಬ್ಬಳು ತಾನೀಗ ಬಸುರಿ ಎಂದು ನಾಚುತ್ತ ಹೇಳಿದಳು. ಕಾಗವಾಡದ ಇನ್ನೊಬ್ಬರ ಮನೆಯಲ್ಲಿ ಯಾರೂ ಎತ್ತಲಿಲ್ಲ. ಕೊಲ್ಹಾಪುರ, ಬೆಳಗಾವಿಗೆ ಮಾಮಾ ಫೋನು ಮಾಡಿದರು. ಬೆಳಿಗ್ಗೆ ನೋಡೋಣ ಎಂಬ ಉತ್ತರ ಬಂತು.

ಬೆಳಿಗ್ಗೆಯ ತನಕ ಆ ಹೆಣ್ಣುಮಗಳು ಉಳಿಯುವುದಿಲ್ಲ ಎಂದು ಮಾಮಾ ಮರಾಠಿಯಲ್ಲಿ ಮೆತ್ತಗೆ ಹೇಳಿದರು, ಆ ತಾಯಿಗೆ ತಿಳಿಯದಿರಲಿ ಎಂದು. ಗಡಿಯ ಹೆಂಗಸು ಅವಳು, ಮರಾಠಿ ಬಾರದಿರುತ್ತದೆಯೇ?

"ಸಿಗತೈತೇನ್ರಿ ಯವ್ವಾ?" ಎಂದು ನನ್ನನ್ನು ಕೇಳಿದಳು. ಅದೊಂದೇ ಮಾತು. ನನಗೆ ಅವಳ ಮುಖ ನೋಡಲು ಆಗಲಿಲ್ಲ.

ನೋಡದೆ ಇರುವುದಕ್ಕಾಗಿಯೇ ಪರದೆಯ ಕಡೆ ತಿರುಗಿದೆ. ಏನು ಮಾಡಲೂ ತೋಚದೆ, ಗೊತ್ತಿದ್ದ ಆರು ಹೆಸರುಗಳನ್ನೇ ಮತ್ತೆ ಹುಡುಕಿಸಿದೆ. ಏಳು ಬಂದವು. ಏಳನೆಯದು ಪಟ್ಟಿಯ ಕೊನೆಯ ಸಾಲು. ಮಾರುತಿ ಸುತಾರ, ಬೋರಗಾಂವ, ಓ ನೆಗೆಟಿವ್, ಒಂದು ಮೊಬೈಲ್ ನಂಬರು. ಕೊನೆಯ ಸಲ ರಕ್ತ ಕೊಟ್ಟ ದಿನದ ಜಾಗ ಮಾತ್ರ ಖಾಲಿ. ಆ ಜಾಗ ಖಾಲಿ ಇರುವ ಇನ್ನೊಂದು ಸಾಲು ಇಡೀ ಪಟ್ಟಿಯಲ್ಲಿರಲಿಲ್ಲ. ಆ ಹೆಸರನ್ನು ನಾನು ಹಾಕಿರಲಿಲ್ಲ. ಆದರೆ ಆಗ ಅದನ್ನೆಲ್ಲ ಯೋಚಿಸುವ ಹೊತ್ತಾಗಿರಲಿಲ್ಲ. ನಂಬರು ಒತ್ತಿದೆ.

ತುಂಬ ಹೊತ್ತು ರಿಂಗಾಯಿತು. ಆಮೇಲೆ ಯಾರೋ ಎತ್ತಿ ಸುಮ್ಮನೆ ಉಸಿರಾಡಿದರು.

"ಮಾರುತಿ ಸುತಾರ ಅವರೇನ್ರಿ?"

"ಕೋಣ್?" ಎಂದು ಮರಾಠಿಯಲ್ಲಿ ಕೇಳಿತು ವಯಸ್ಸಾದ ಗಂಡಸಿನ ದನಿ. ನಾನು ಮತ್ತೆ ಕೇಳಿದ ಮೇಲೆ ಕನ್ನಡಕ್ಕೆ ಬಂತು. "ಹೌದ್ರಿ, ನಾನs. ತಾವ್ಯಾರು?"

"ನಿಪ್ಪಾಣಿ ರಕ್ತ ಭಂಡಾರದಿಂದ್ರಿ. ನಿಮ್ಮದು ಓ ನೆಗೆಟಿವ್ ರಕ್ತ ಐತಲ್ರಿ, ಒಬ್ಬ ಬಾಣಂತಿಗೆ ಬೇಕಾಗೇತಿ. ಈಗಿಂದೀಗ ಬರಾಕ ಆಗತೈತೇನ್ರಿ?"

"ನಂದು ಯಾವ ರಕ್ತ ಅಂತ ನನಗs ಗೊತ್ತಿಲ್ಲಲ್ರಿ ಬಾಯಾರ."

"ನಮ್ಮ ಪಟ್ಟಿಯೊಳಗ ಐತ್ರಿ."

"ಪಟ್ಟಿಯೊಳಗ ಇದ್ರ ಇರಬೇಕ್ ತಗೋರಿ. ಹೆಂಗೂ ಕರೆಂಟ್ ಹೋಗೇತಿ, ಮಗ್ಗ ನಿಂತಾವ. ಬರ್ತೀನಿ."

ಮುಕ್ಕಾಲು ತಾಸಿನಲ್ಲಿ ಯಾರದೋ ಮೋಟರ್ ಸೈಕಲ್ಲಿನ ಹಿಂದೆ ಕೂತು ಬಂದರು. ಐವತ್ತು ದಾಟಿದ ಮನುಷ್ಯ, ಗಟ್ಟಿ ಮೈ, ತಲೆಗೂದಲಲ್ಲಿ ಹತ್ತಿಯ ಎಳೆ. ಪವರ್‌ಲೂಮಿನ ಸದ್ದಿಗೆ ಕಿವಿ ಸ್ವಲ್ಪ ಮಂದವಾಗಿತ್ತು, ಗಟ್ಟಿಯಾಗಿ ಮಾತಾಡಬೇಕಿತ್ತು. ಈ ಮೊದಲು ರಕ್ತ ಕೊಟ್ಟಿದ್ದೀರಾ ಎಂದರೆ ಇಲ್ಲ ಎಂದರು. ಎಲ್ಲಾದರೂ ಪರೀಕ್ಷೆ ಮಾಡಿಸಿದ್ದೀರಾ ಎಂದರೆ ಅದೂ ಇಲ್ಲ. "ಆಸ್ಪತ್ರಿ ಮೆಟ್ಟಲಾ ಹತ್ತಿದ್ದು ನನ್ನ ಹೆಂಡತಿ ಸಲುವಾಗಿ ಅಷ್ಟs ರಿ. ಆಕಿ ಹೋಗಿ ಆರು ವರ್ಷ ಆತು."

ಮಾಮಾ ನನ್ನ ಕಡೆ ಒಮ್ಮೆ ನೋಡಿ, ಅವರ ಬೆರಳು ಚುಚ್ಚಿ, ಮೂರು ಹನಿ ರಕ್ತವನ್ನು ಗಾಜಿನ ಪಟ್ಟಿಯ ಮೇಲೆ ಇಟ್ಟುಕೊಂಡು ಒಳಗೆ ಹೋದರು. ಎರಡು ನಿಮಿಷದ ಕೆಲಸ ಅದು. ಹತ್ತು ನಿಮಿಷವಾದರೂ ಬರಲಿಲ್ಲ. ಒಳಗೆ ಹೋಗಿ ನೋಡಿದರೆ ಎರಡನೆಯ ಸಲ ಪರೀಕ್ಷೆ ಮಾಡುತ್ತಿದ್ದರು.

"ಓ ನೆಗೆಟಿವ್ ಐತಿ" ಎಂದರು. ಆಮೇಲೆ ತಲೆ ಎತ್ತದೆಯೇ ಕೇಳಿದರು, "ಇವರ ಫಾರ್ಮ್ ಎಲ್ಲಿ ಐತಿ ತಂಗಿ?"

"ಇಲ್ರಿ ಮಾಮಾ."

"ಮತ್ತ ನಿನಗ ಹೆಂಗ ಗೊತ್ತಾತು?"

ನಾನು ಮಂಚ ಸಿದ್ಧ ಮಾಡಲು ಹೊರಗೆ ಬಂದೆ. ರಕ್ತ ತೆಗೆದು, ಉಳಿದ ಪರೀಕ್ಷೆಗಳನ್ನು ಮುಗಿಸಿ, ಸಂಜೆ ಐದರ ಹೊತ್ತಿಗೆ ಬಾಟಲಿಯನ್ನು ಆ ತಾಯಿಯ ಕೈಗೆ ಕೊಟ್ಟೆವು. ಎರಡೂ ಕೈಯಿಂದ ಎದೆಗೊತ್ತಿಕೊಂಡು, ಚಪ್ಪಲಿ ಹಾಕುವುದನ್ನೂ ಮರೆತು ರಿಕ್ಷಾ ಹತ್ತಿದಳು. ಮಗಳು ಬದುಕಿದಳು. ಎಂಟು ದಿನದ ಮೇಲೆ ಕೂಸನ್ನು ಎತ್ತಿಕೊಂಡು ಊರಿಗೆ ಹೋದಳೆಂದು ಆಸ್ಪತ್ರೆಯಿಂದ ತಿಳಿಯಿತು.

ಮಾಮಾ ಉಳಿದ ಪರೀಕ್ಷೆ ಮಾಡುತ್ತಿದ್ದಾಗ ಮಾರುತಿ ಸುತಾರರು ಚಹಾ ಬಿಸ್ಕಿಟ್ ಮುಂದಿಟ್ಟುಕೊಂಡು ಕೂತಿದ್ದರು. ನಾನು ಫಾರ್ಮ್ ತುಂಬುತ್ತ ಫೋನ್ ನಂಬರು ಕೇಳಿದೆ. ಅವರಿಗೆ ಅದು ಬಾಯಿಪಾಠವಿರಲಿಲ್ಲ. ಜೇಬಿನಿಂದ ಅಂಗಡಿಯ ಚೀಟಿ ತೆಗೆದು ಕೊಟ್ಟರು. ಸಿಮ್ ಕಾರ್ಡು ಕೊಂಡು ಎಂಟು ದಿನವಾಗಿತ್ತು.

"ಕೊಂಡ ಮ್ಯಾಲ ಒಂದ್ ಸಲಾನೂ ರಿಂಗ್ ಆಗಿದ್ದಿಲ್ಲರಿ. ಕೆಟ್ಟೈತೇನೋ ಅನಕೊಂಡಿದ್ದೆ. ನಿಮ್ಮದs ಮೊದಲನೇ ಫೋನು" ಎಂದರು. ಯಾರಿಗೂ ನಂಬರು ಕೊಟ್ಟಿರಲಿಲ್ಲವಂತೆ. ಕೊಡುವಂಥವರು ಯಾರೂ ಇರಲಿಲ್ಲ ಎಂದು ಅವರು ಹೇಳಲಿಲ್ಲ, ನನಗೆ ತಿಳಿಯಿತು. ಕಪ್ಪು ಕೆಳಗಿಟ್ಟು ಕೇಳಿದರು. "ಯಾರು ಹೇಳಿದ್ರಿ ನನ್ನ ಹೆಸರಾ?"

"ಕಂಪ್ಯೂಟರಿನ್ಯಾಗ ಇತ್ರಿ" ಎಂದೆ. ಅಷ್ಟು ಹೇಳಿ ಕೈತೊಳೆದುಕೊಂಡೆ.

ಮರುದಿನ ಸಾವಧಾನವಾಗಿ ಕೂತು ಎಲ್ಲವನ್ನೂ ನೋಡಿದೆ. ಕಾಗದದ ಫಾರ್ಮುಗಳ ಕಟ್ಟುಗಳನ್ನು ಒಂದೊಂದಾಗಿ ಬಿಚ್ಚಿದೆ. ಆ ಹೆಸರಿಲ್ಲ. ಮುದ್ರಿಸಿದ ಪಟ್ಟಿಯಲ್ಲೂ ಇಲ್ಲ. ಬೋರಗಾಂವದಲ್ಲಿ ನಾವು ಶಿಬಿರವನ್ನೇ ಮಾಡಿರಲಿಲ್ಲ. ತಂತ್ರಾಂಶದ ತಪ್ಪೇ ಎಂದರೆ, ತಪ್ಪು ಮಾಡಿದ ತಂತ್ರಾಂಶ ಸಾಲನ್ನು ಕಳೆಯಬಹುದು, ಎರಡು ಸಲ ಬರೆಯಬಹುದು, ಅಕ್ಷರ ಕೆಡಿಸಬಹುದು. ಬೋರಗಾಂವದ ಮಗ್ಗದವರೊಬ್ಬರ ಹೆಸರನ್ನು ಎಲ್ಲಿಂದ ತರುತ್ತದೆ? ಅದರ ಮೂಲ ನನ್ನ ಹತ್ತಿರವೇ ಇತ್ತಲ್ಲ, ಬಿಡುವಾದಾಗಲೆಲ್ಲ ತಿಂಗಳುಗಟ್ಟಲೆ ಓದಿದೆ. ಕಡತವನ್ನು ತೆಗೆದುಕೊಂಡು ಇಡುವುದು, ಇಟ್ಟದ್ದನ್ನು ಕೊಡುವುದು, ಇದರ ಹೊರತು ಅದರಲ್ಲಿ ಏನೂ ಇರಲಿಲ್ಲ. ಹಳೆಯ ಕಂಪ್ಯೂಟರಿನ ಗಡಿಯಾರ ತಪ್ಪಿದ್ದಿರಬಹುದು ಎಂದು ಒಪ್ಪುತ್ತೇನೆ. ನಾನೇ ನಿದ್ದೆಗಣ್ಣಿನಲ್ಲಿ ಏನೋ ಒತ್ತಿದೆ ಎಂದೂ ಒಪ್ಪುತ್ತೇನೆ. ಆದರೆ ಎಂಟು ದಿನದ ಹಿಂದಿನ ನಂಬರು ನನ್ನ ಬೆರಳಿಗೆ ಹೇಗೆ ಬಂತು? ಅವರಿಗೇ ಗೊತ್ತಿಲ್ಲದ ಅವರ ರಕ್ತದ ಗುಂಪು? ಮುಂದೆ ಎಷ್ಟೋ ಸಲ ಅದೇ ನಕಲಿನಿಂದ ಪಟ್ಟಿಯನ್ನು ಹೊರತೆಗೆದಿದ್ದೇನೆ. ನಾನು ಹಾಕಿದ್ದಷ್ಟೇ ಬಂದಿದೆ.

ಆಗ ಮನೆಯಲ್ಲಿ ಅಪ್ಪನಿಗೆ ಮಾತ್ರ ಹೇಳಿದೆ. ಅವನು ಒಂದು ತಾಸು ಪ್ರಶ್ನೆ ಕೇಳಿದ. ಕೊನೆಗೆ "ಇನ್ನೊಮ್ಮಿ ಫಾರ್ಮ್ ನೋಡು" ಎಂದು ಮಲಗಿದ. ಇನ್ನೊಮ್ಮೆಯೂ ನೋಡಿದೆ.

ಕೆಲವು ವರ್ಷಕ್ಕೆ ಮದುವೆಯಾಗಿ ಚಿಕ್ಕೋಡಿಗೆ ಬಂದೆ, ಶಾಲೆಯಲ್ಲಿ ಕಂಪ್ಯೂಟರ್ ಕಲಿಸಲು ಸೇರಿದೆ. ಮಾರುತಿ ಸುತಾರರು ಕರೆದಾಗಲೆಲ್ಲ ಬಂದು ರಕ್ತ ಕೊಡುತ್ತಾರೆಂದು ಮಾಮಾ ಫೋನಿನಲ್ಲಿ ಹೇಳುತ್ತಿದ್ದರು. ಅವರನ್ನು ಮತ್ತೆ ಕಂಡದ್ದು ಎಂಟು ವರ್ಷದ ಮೇಲೆ, ಚಿಕ್ಕೋಡಿ ಬಸ್ ಸ್ಟ್ಯಾಂಡಿನಲ್ಲಿ. ತಹಶೀಲ್ದಾರ ಕಚೇರಿಗೆ ಯಾವುದೋ ಕಾಗದ ಕೊಡಲು ಬಂದಿದ್ದರು. ಅವರೇ ಗುರುತು ಹಿಡಿದು ಹತ್ತಿರ ಬಂದು ಕೂತರು.

"ಅರವತ್ತ ಆದುವು, ಇನ್ನ ರಕ್ತ ಕೊಡೂದು ಬ್ಯಾಡ ಅಂದ್ರರಿ ಮೊನ್ನಿ ಭಂಡಾರದಾಗ" ಎಂದರು. ಆಮೇಲೆ ಕೇಳಿದರು. "ಈಗರೆ ಹೇಳ್ರಿ ಬಾಯಾರ. ನನ್ನ ಹೆಸರಾ ಕೊಟ್ಟವರು ಯಾರು?"

ನಾನು ಬಸ್ಸಿನ ಹಲಗೆ ಓದುವವಳಂತೆ ಆ ಕಡೆ ತಿರುಗಿದೆ.

"ಊರಾಗ ಎಲ್ಲಾರನೂ ಕೇಳೇನ್ರಿ. ಮಗ್ಗದ ಮಾಲಕರನ ಕೇಳಿದೆ, ಸಾಲಿ ಮಾಸ್ತರನ ಕೇಳಿದೆ, ಬಾಜೂ ಮನಿಯವರನ ಕೇಳಿದೆ. ನಾವಲ್ಲ ಅಂತಾರ. ಯಾರೋ ನನ್ನ ನೆನಸಿ ಹೇಳ್ಯಾರ, ಈಗ ಮುಚ್ಚಿಡತಾರ ಅನಕೊಂಡೇನಿ. ಅಂಥಾ ಮಂದಿ ಇರ್ತಾರಲ್ರಿ."

ಆ ದಿನ ನಾನು ಸುಳ್ಳು ಹೇಳಬೇಕಿತ್ತು ಎಂದು ಈಗ ಅನಿಸುತ್ತದೆ. ಬೋರಗಾಂವದ ಯಾರೋ ಒಬ್ಬರ ಹೆಸರು ಹೇಳಿದ್ದರೆ ಸಾಕಿತ್ತು. ಆದರೆ ಎಂಟು ವರ್ಷ ಆ ಪ್ರಶ್ನೆಯನ್ನು ಹೊತ್ತವರು ನಾವಿಬ್ಬರೇ. ನಾನು ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟೆ. ಬಸ್ಸುಗಳ ಗದ್ದಲದಲ್ಲಿ ಅವರು ಕಿವಿಯ ಹಿಂದೆ ಕೈಯಿಟ್ಟುಕೊಂಡು ಕೇಳಿದರು.

"ಅಂದ್ರ, ಯಾರೂ ಹೇಳಿದ್ದಿಲ್ಲ?"

"ಇಲ್ರಿ. ಯಾರೂ ಹೇಳಿದ್ದಿಲ್ಲ."

ಅವರು ತಮ್ಮ ಅಂಗೈ ನೋಡುತ್ತ ಕೂತರು. ಬೋರಗಾಂವದ ಬಸ್ಸು ಬಂತು. ಎದ್ದು, ಕಾಗದದ ಚೀಲ ಕಂಕುಳಲ್ಲಿಟ್ಟುಕೊಂಡು ಹತ್ತಿದರು. ಕಿಟಕಿಯ ಹತ್ತಿರ ಕೂತು, ಬಸ್ಸು ಹೊರಡುವಾಗ ತಲೆ ಹೊರಗೆ ಹಾಕಿ, ಕಿವಿ ಮಂದವಾದವರು ಮಾತಾಡುವಂತೆ ಗಟ್ಟಿಯಾಗಿ ಕೂಗಿದರು:

"ನಂಬರ್ ಅದs ಐತ್ರಿ ಬಾಯಾರ! ಬದಲಿ ಮಾಡಿಲ್ಲ!"